ವಾಪಸ್ ಬಂದ ಎಣ್ಣೆ ಸೀಸೆ

೧೯೭೮ರ ಜೂನ್ ತಿಂಗಳಲ್ಲಿ ನಾನು ಹಳೇಬೀಡಿನ ಕಡೆಯ ಒಂದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ವೈದ್ಯಾಧಿಕಾರಿಯಾಗಿ ಹೋದೆ. ಆಗ ನನಗೆ ಇಪ್ಪತ್ತೇಳು ವರ್ಷ. ಎಂ.ಬಿ.ಬಿ.ಎಸ್. ಮುಗಿಸಿ ಎರಡು ವರ್ಷವಾಗಿತ್ತು. ಕೇಂದ್ರದ ಹೆಸರು ಬೇಡ. ಇಲ್ಲಿ ಬರುವ ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ನನಗಿಂತ ಮುಂಚೆ ಆ ಹುದ್ದೆ ಎರಡು ವರ್ಷ ಖಾಲಿ ಬಿದ್ದಿತ್ತು. ಅದಕ್ಕೂ ಹಿಂದೆ ಇದ್ದ ಡಾಕ್ಟರು, ಒಂದು ಹೆರಿಗೆ ಕೆಟ್ಟು ಊರವರು ಗಲಾಟೆ ಮಾಡಿದಾಗ ಹೆದರಿ, ವಾರದೊಳಗೆ ವರ್ಗ ಮಾಡಿಸಿಕೊಂಡು ಹೋಗಿದ್ದರಂತೆ. ನಾನು ಬಸ್ಸಿನಿಂದ ಟ್ರಂಕ್ ಇಳಿಸಿಕೊಂಡ ದಿನ ಟೀ ಅಂಗಡಿಯಲ್ಲಿ ಕೂತಿದ್ದವರೊಬ್ಬರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ "ಎಷ್ಟು ದಿನ ಇರ್ತೀರಿ ಸೋಮಿ?" ಎಂದು. ನನಗೆ ಸ್ವಲ್ಪ ಸಿಟ್ಟೇ ಬಂತು. ಆ ಪ್ರಶ್ನೆಯಲ್ಲಿ ಎಷ್ಟು ಭಯ ಇತ್ತು ಎಂದು ಅರ್ಥವಾಗಲು ಎಂಟು ವರ್ಷ ಬೇಕಾಯಿತು.

ಈಗ ಇದನ್ನು ಬರೆಯಲು ಕಾರಣ ನಮ್ಮ ಪಕ್ಕದ ಮನೆಯ ಸರೋಜಮ್ಮನವರು. ಹೋದ ತಿಂಗಳು ಅವರು ಒಂದು ಬಣ್ಣದ ಪಾಂಪ್ಲೆಟ್ ಹಿಡಿದುಕೊಂಡು ಬಂದರು. ಅದರ ಮೇಲೆ ಬೆನ್ನುಮೂಳೆಯ ಚಿತ್ರ, ಕೆಳಗೆ "ಕೈರೋಪ್ರಾಕ್ಟರ್" ಎಂಬ ದೊಡ್ಡ ಅಕ್ಷರ. ಔಷಧಿ, ಆಪರೇಷನ್ ಯಾವುದೂ ಇಲ್ಲದೆ ಕೈಯಿಂದಲೇ ಒತ್ತಿ, ತಿರುಗಿಸಿ ಬೆನ್ನು, ಕತ್ತು ಸರಿಮಾಡುವವರನ್ನು ಹಾಗೆ ಕರೆಯುತ್ತಾರೆ. "ನಮ್ಮ ಬಡಾವಣೆ ಸುತ್ತಮುತ್ತಲೇ ಮೂರು ಜನ ಇದಾರಂತೆ ಸಾರ್. ನನಗೆ ಇದರಲ್ಲೇನೂ ಗೊತ್ತಾಗಲ್ಲ. ಯಾರ ಹತ್ರ ಹೋಗ್ಲಿ, ನೀವೇ ಹೇಳಿ" ಎಂದರು. ಅವರು ಕೇಳಿದ್ದು ಸಹಜವಾದ ಮಾತು. ನಾನು ಮಾತ್ರ ಕನ್ನಡಕ ತೆಗೆದು ಒರೆಸುತ್ತಾ ಕೂತುಬಿಟ್ಟೆ. ಇದೇ ಪ್ರಶ್ನೆಯನ್ನು, ಹೆಚ್ಚುಕಡಿಮೆ ಇದೇ ಮಾತಿನಲ್ಲಿ, ೧೯೭೮ರಲ್ಲಿ ಜಿನದತ್ತಯ್ಯ ನನ್ನನ್ನು ಕೇಳಿದ್ದರು.

ಜಿನದತ್ತಯ್ಯನವರದು ಬಸ್ತಿಹಳ್ಳಿ. ಆಗ ಅವರಿಗೆ ನಲವತ್ತನಾಲ್ಕು. ಒಂದು ದಿನಸಿ ಅಂಗಡಿ, ಸ್ವಲ್ಪ ಗದ್ದೆ, ಅದರ ಜೊತೆಗೆ ಬೆಳಗಿನ ಹೊತ್ತು ಬಸದಿಯ ಸೇವೆ. ನೀರು ಹೊತ್ತು ತಂದು ನೆಲ ತೊಳೆದು, ಸ್ವಾಮಿಯ ಮುಂದೆ ನಿಂತು ಪೂಜೆ ಮಾಡಿ, ಆಮೇಲೆ ಅಂಗಡಿ ಬಾಗಿಲು ತೆಗೆಯುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮದುವೆಯಾದ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ತಂಗಿ ಪದ್ಮಾವತಿ ಅಣ್ಣನ ಮನೆಯಲ್ಲೇ ಇದ್ದರು. ಮನೆಯಲ್ಲಿ ಇದ್ದದ್ದು ಆ ಇಬ್ಬರೇ.

ಪದ್ಮಾವತಿಯವರ ಬಗ್ಗೆ ಒಂದು ವಿಷಯ ಮೊದಲೇ ಹೇಳಬೇಕು. ಅವರು ಹುಟ್ಟುವಾಗ ತಲೆಗೆ ಬದಲು ಕಾಲು ಮುಂದಾಗಿ ಬಂದವರು. ಅಂಥವರ ಕಾಲಿಗೆ ಬೆನ್ನಿನ ಉಳುಕು ತೆಗೆಯುವ ಗುಣವಿದೆ ಎಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದವರು ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಬಂದು ಬೋರಲು ಮಲಗುವುದು, ಅವರು ಎಡಗಾಲಿನಿಂದ ಮೂರು ಸಲ ಬೆನ್ನು ಸೋಕಿಸುವುದು, ಇಷ್ಟೇ ಚಿಕಿತ್ಸೆ. ಬಸ್ತಿಹಳ್ಳಿಯಿಂದ ಮಾದಿಹಳ್ಳಿಯವರೆಗೆ ಎಲ್ಲ ಜಾತಿಯವರೂ ಅವರ ಅಂಗಳಕ್ಕೆ ಬರುತ್ತಿದ್ದರು. ಮದುವೆ ಮುಂಜಿಗಳಲ್ಲಿ ಹಿಂದೆ ನಿಲ್ಲಬೇಕಾಗಿದ್ದ ಆ ವಿಧವೆಗೆ ಊರಿನಲ್ಲಿ ಒಂದು ಗೌರವ ಅಂತ ಇದ್ದರೆ ಅದು ಆ ಕಾಲಿನಿಂದ ಬಂದದ್ದು. "ಪದ್ಮಕ್ಕ ಒಂದ್ಸಲ ತುಳುದ್ರೆ ಸಾಕು" ಎಂದು ಜನ ಹೇಳುವುದನ್ನು ನಾನೇ ಕೇಳಿ ನಕ್ಕಿದ್ದೇನೆ. ಆ ವಯಸ್ಸಿನಲ್ಲಿ ನಾನು ಎಲ್ಲದಕ್ಕೂ ನಗುತ್ತಿದ್ದೆ.

ಜುಲೈ ತಿಂಗಳಲ್ಲಿ ಜಿನದತ್ತಯ್ಯ ಮೊದಲ ಸಲ ಬಂದರು. ಮೂರು ತಿಂಗಳಿಂದ ನಡುಬೆನ್ನು ನೋವು. ಮಲಗಿದರೂ ಬಿಡುವುದಿಲ್ಲ. ಸಂಜೆಯಾದರೆ ಮೈ ಸ್ವಲ್ಪ ಬಿಸಿ. ಅಂಗಿ ಸಡಿಲವಾಗಿದೆ. ಇಷ್ಟನ್ನೂ ಅವರೇ, ನಾನು ಕೇಳದೆ, ಒಂದೊಂದಾಗಿ ಹೇಳಿದರು. ಇವತ್ತು ಒಬ್ಬ ವೈದ್ಯಕೀಯ ವಿದ್ಯಾರ್ಥಿ ಈ ನಾಲ್ಕು ಮಾತು ಕೇಳಿದರೆ ಐದನೆಯದನ್ನು ತಾನೇ ಹೇಳುತ್ತಾನೆ. ನಾನು ಹೇಳಲಿಲ್ಲ, ಏಕೆಂದರೆ ನಾನು ಬುದ್ಧಿವಂತ. ಜೈನರು ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ, ಜಿನದತ್ತಯ್ಯನಂಥ ಕಟ್ಟುನಿಟ್ಟಿನವರು ನೀರನ್ನೂ ಕುಡಿಯುವುದಿಲ್ಲ ಎಂದು ಆ ಊರಿಗೆ ಬಂದ ಮೇಲೆ ತಿಳಿದುಕೊಂಡಿದ್ದೆ. ಚಾತುರ್ಮಾಸ ಬೇರೆ, ಅಷ್ಟಮಿ ಚತುರ್ದಶಿಗೆ ಉಪವಾಸ. ಉಪವಾಸದಿಂದ ಮೈ ಇಳಿದಿದೆ, ನೀರು ಕುಡಿಯದೆ ಮೈ ಬಿಸಿಯಾಗುತ್ತದೆ, ನೀರು ಹೊತ್ತು ಬೆನ್ನು ನೋಯುತ್ತದೆ ಎಂದು ಮೂರಕ್ಕೂ ಮೂರು ಉತ್ತರ ನಾನೇ ಕೊಟ್ಟುಕೊಂಡೆ. ಊರಿನ ಆಚಾರ ತಿಳಿದಿದ್ದೇನೆ ಎಂಬ ಹೆಮ್ಮೆ ಬೇರೆ. ನೋವಿನ ಮಾತ್ರೆ ಬರೆದು, ಒಂದು ವಿಟಮಿನ್ ಇಂಜೆಕ್ಷನ್ ಕೊಟ್ಟು, "ಉಪವಾಸ ಸ್ವಲ್ಪ ಕಮ್ಮಿ ಮಾಡಿ" ಎಂದು ಉಪದೇಶವನ್ನೂ ಮಾಡಿದೆ.

ಅವರು ಎದ್ದಾಗ ಚೀಟಿ ಕೆಳಗೆ ಬಿತ್ತು. ಅದನ್ನು ಎತ್ತಲು ಅವರು ಬೆನ್ನು ಬಗ್ಗಿಸಲಿಲ್ಲ. ಎರಡು ತೊಡೆಯ ಮೇಲೂ ಕೈ ಊರಿ, ಬೆನ್ನನ್ನು ನೆಟ್ಟಗೇ ಇಟ್ಟುಕೊಂಡು, ಮಂಡಿ ಮಡಿಸಿ ಕುಕ್ಕರಿಸಿ ಚೀಟಿ ತೆಗೆದುಕೊಂಡರು. ನನ್ನ ಫೈನಲ್ ಇಯರ್ ಪುಸ್ತಕದಲ್ಲಿ ಇದೇ ಭಂಗಿಯ ಚಿತ್ರವಿತ್ತು. ಬೆನ್ನುಮೂಳೆಗೆ ಕ್ಷಯ ತಗುಲಿದವನು ನೆಲದ ವಸ್ತುವನ್ನು ಹೀಗೆ ಎತ್ತುತ್ತಾನೆ ಎಂದು ಚಿತ್ರದ ಕೆಳಗೆ ಬರೆದಿತ್ತು. ಪರೀಕ್ಷೆಯಲ್ಲಿ ಅದನ್ನು ಬರೆದು ಒಳ್ಳೆಯ ಅಂಕವನ್ನೂ ತೆಗೆದುಕೊಂಡಿದ್ದೆ. ಕಣ್ಣೆದುರು ನಡೆದಾಗ ಮಾತ್ರ, ಪಾಪ, ಎಷ್ಟು ನಿಧಾನದ ಮನುಷ್ಯ ಎಂದುಕೊಂಡೆ.

ಮೂರು ವಾರ ಬಿಟ್ಟು ಮತ್ತೆ ಬಂದರು. ನೋವು ಹಾಗೇ ಇತ್ತು. ಆಗ ಕೇಳಿದರು ಆ ಪ್ರಶ್ನೆ.

"ಡಾಕ್ಟ್ರೇ, ನಿಮ್ಮ ಮಾತ್ರೆ ತಗೊಂಡಾಗ ಪರವಾಗಿಲ್ಲ, ಬಿಟ್ರೆ ಮತ್ತೆ ಶುರು. ಎಲ್ರೂ ಬೆನ್ನು ನೋಡೋರ ಹತ್ರ ಹೋಗು ಅಂತಾರೆ. ಬೇಲೂರಲ್ಲಿ ಒಬ್ಬ ಇದಾನೆ, ಟವಲ್ ಸುತ್ತಿ ಲಟಕ್ ಅನ್ನಿಸ್ತಾನೆ. ಕಣಕಟ್ಟೆ ಹತ್ರ ಮರುಳಪ್ಪ ಅಂತ, ಅವರು ಎಣ್ಣೆ ಹಾಕಿ ನೀವುತಾರಂತೆ. ಇನ್ನು ಮನೇಲೇ ನಮ್ಮ ಪದ್ಮ ಇದಾಳೆ. ಅವಳು ಮಾತ್ರ ಅಣ್ಣನ ಮೈಮೇಲೆ ಕಾಲಿಡಲ್ಲ ಅಂತಾಳೆ. ಯಾರ ಹತ್ರ ಹೋಗ್ಲಿ?"

ಆಗ ಮನಸ್ಸಿಗೆ ಬಂದ ಉತ್ತರ ಕೊಟ್ಟೆ. ಕಣಕಟ್ಟೆ ಮರುಳಪ್ಪನ ಹೆಸರು ನಾನೂ ಕೇಳಿದ್ದೆ. ಅವರು ಕಟ್ಟಿದ ಒಂದೆರಡು ಮುರಿದ ಕೈ ನೋಡಿದ್ದೆ, ಚೆನ್ನಾಗಿ ಕೂಡಿದ್ದವು. "ಹೋಗಲೇಬೇಕು ಅಂತಿದ್ರೆ ಕಣಕಟ್ಟೆಗೆ ಹೋಗಿ" ಎಂದೆ. ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ಅದನ್ನೂ ನಾನೇ ಹಾಳು ಮಾಡಿದೆ.

ಮರುಳಪ್ಪ ಅರಸೀಕೆರೆ ತಾಲ್ಲೂಕಿನ ತೆಂಗಿನ ತೋಟದವರು. ವಯಸ್ಸು ಅರವತ್ತು ದಾಟಿತ್ತು. ಮೂಳೆ ಕಟ್ಟುವುದು, ಉಳುಕು ನೀವುವುದು ಅವರ ಮನೆತನದಲ್ಲಿ ಬಂದ ವಿದ್ಯೆ. ಅದಕ್ಕೆ ಕಾಸು ಮುಟ್ಟಬಾರದು ಎಂದು ಮಠದ ಸ್ವಾಮಿಗಳಿಗೆ ಅವರ ತಾತ ಮಾತು ಕೊಟ್ಟಿದ್ದರಂತೆ. ಬರುವವರು ಒಂದು ಸೀಸೆ ಎಳ್ಳೆಣ್ಣೆ ತರಬೇಕು, ಅಷ್ಟೆ. ಅವರು ಬಿರಡೆ ತೆಗೆದು ಎಣ್ಣೆ ಹಚ್ಚಿದರೆ ಚಿಕಿತ್ಸೆ ಶುರುವಾಯಿತು ಎಂದರ್ಥ. ಮಿಕ್ಕ ಎಣ್ಣೆ ಮುಂದಿನ ಸಲಕ್ಕೆ ಅಲ್ಲೇ ಅಟ್ಟದ ಮೇಲೆ ಇರುತ್ತದೆ. ಬಿರಡೆ ತೆಗೆಯದೆ ಸೀಸೆಯನ್ನು ಕೈಗೆ ವಾಪಸ್ ಕೊಟ್ಟರೆ, ಇದು ನನ್ನಿಂದಾಗದು, ದೊಡ್ಡಾಸ್ಪತ್ರೆಗೆ ಹೋಗಿ ಎಂದರ್ಥ. ಕಣಕಟ್ಟೆ ಸುತ್ತಿನವರಿಗೆ ಇದು ಗೊತ್ತು. ಎಣ್ಣೆ ವಾಪಸ್ ಬಂತು ಎಂದರೆ ಆ ಕಡೆಯ ಮನೆಗಳಲ್ಲಿ ಹೆಂಗಸರು ಅಳಲು ಶುರು ಮಾಡುತ್ತಿದ್ದರಂತೆ. ಬಸ್ತಿಹಳ್ಳಿಯವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಆಗಸ್ಟ್ ಕೊನೆಯ ವಾರ, ಸಂತೆಯ ದಿನ, ಜಿನದತ್ತಯ್ಯ ಕಣಕಟ್ಟೆಯಿಂದ ಬಂದವರು ನನ್ನ ಕೋಣೆಗೆ ಬಂದರು. ಹೊರಗೆ ನೂರಕ್ಕೂ ಮೇಲೆ ಜನ. ಸಂತೆ ದಿನವೆಂದರೆ ಹಾಗೇ. ಸೊಪ್ಪು, ಬೆಲ್ಲ ತೆಗೆದುಕೊಳ್ಳಲು ಬಂದವರೆಲ್ಲ ಡಾಕ್ಟರನ್ನೂ ನೋಡಿಕೊಂಡು ಹೋಗುತ್ತಿದ್ದರು. ಕೋಣೆಯ ಒಳಗೆ ಇದ್ದದ್ದು ನಾವಿಬ್ಬರೇ. ಅವರು ಎಣ್ಣೆ ಸೀಸೆಯನ್ನು ನನ್ನ ಮೇಜಿನ ಮೇಲೆ ಇಟ್ಟರು. ಬಿರಡೆಯ ಮೇಲೆ ಪದ್ಮಾವತಿ ಕಟ್ಟಿದ ಬಿಳಿ ಬಟ್ಟೆ ಹಾಗೇ ಇತ್ತು.

"ಅಂಗಿ ಬಿಚ್ಚಿಸಿದ್ರು, ಬೆರಳು ಮಡಿಸಿ ಬೆನ್ನಿನ ಮೇಲಿಂದ ಕೆಳಗಿನವರೆಗೂ ತಟ್ಟಿದ್ರು. ಕಣ್ಣು ಮುಚ್ಕೊಂಡು ಏನೋ ಕೇಳಿಸ್ಕೊಂಡಂಗೆ ಮಾಡಿದ್ರು. ಆಮೇಲೆ ಎಣ್ಣೆ ಕೈಗೇ ಕೊಟ್ಟುಬಿಟ್ರು. ಹೊತ್ತು ಮುಳುಗೋದ್ರೊಳಗೆ ಊಟ ಆಗ್ಬೇಕು, ಬೇಗ ನೋಡಿ ಅಂತ ನಾನು ಅವಸರ ಮಾಡಿದ್ದೆ. ಅದಕ್ಕೆ ಬೇಜಾರಾಯ್ತೋ ಏನೋ. ಒಂದು ಗೆಣ್ಣು ಎದ್ದಿದೆ, ಯಾರೂ ಒತ್ತಬಾರದು, ಪಟ ತೆಗೆಸಬೇಕು ಅಂತ ನಿಮ್ಮ ಡಾಕ್ಟ್ರಿಗೆ ಹೇಳಿ ಅಂದ್ರು."

ಪಟ ಎಂದರೆ ಎಕ್ಸ್‌ರೇ. ಗೆಣ್ಣು ಎಂದರೆ ಬೆನ್ನುಮೂಳೆಯ ಒಂದು ಮಣಿ. ಮಾತು ಇಷ್ಟು ಸ್ಪಷ್ಟವಾಗಿತ್ತು. ನಾನು ಅದರಲ್ಲಿ ಕೇಳಿಸಿಕೊಂಡದ್ದು ಮಾತ್ರ "ನಿಮ್ಮ ಡಾಕ್ಟ್ರಿಗೆ ಹೇಳಿ" ಎಂಬ ಭಾಗವನ್ನು. ಅಕ್ಷರ ಕಲಿಯದ ಒಬ್ಬ ತೋಟದ ಮನುಷ್ಯ ನನಗೆ ಎಕ್ಸ್‌ರೇ ತೆಗೆಸು ಎಂದು ಹೇಳಿ ಕಳಿಸುವುದೇ! ಎಕ್ಸ್‌ರೇ ಬೇಕಾದರೆ ಅರಸೀಕೆರೆಗೋ ಹಾಸನಕ್ಕೋ ಹೋಗಬೇಕು, ಒಂದು ದಿನದ ಕೆಲಸ. ನಾನು ಬರೆದುಕೊಡಲು ಅರ್ಧ ನಿಮಿಷ ಸಾಕಿತ್ತು. ಕೂತಲ್ಲಿಂದಲೇ ಕೈ ಚಾಚಿ, ಅಂಗಿಯ ಮೇಲಿನಿಂದಲೇ ಅವರ ಬೆನ್ನನ್ನು ಎರಡು ಕಡೆ ಒತ್ತಿದೆ. ಅವರು ಹಲ್ಲು ಕಚ್ಚಿದರು. ಅಂಗಿ ಬಿಚ್ಚಿ ಎನ್ನಲಿಲ್ಲ.

"ಮರುಳಪ್ಪನ ಕೈಲಿ ಆಗಲಿಲ್ಲ ಅಂದ್ರೆ ಪಟ ಅಂತಾರೆ. ಅಷ್ಟು ದೂರ ಯಾಕೆ ಹೋಗ್ತೀರಿ? ಮನೇಲೇ ಇದಾರಲ್ಲ ನಿಮ್ಮ ತಂಗಿ, ಅವರ ಕೈಲೇ ತುಳಿಸ್ಕೊಳ್ಳಿ" ಎಂದು ನಕ್ಕೆ.

ಜಿನದತ್ತಯ್ಯನೂ ನಕ್ಕರು. ಒಂದು ಗಳಿಗೆ ನನ್ನ ಮುಖ ನೋಡಿದರು. ಸೀಸೆ ತೆಗೆದುಕೊಂಡು ಹೊರಟರು. ನಾನು ಮುಂದಿನವರನ್ನು ಕರೆದೆ.

ಐದನೆಯ ದಿನ ಬೆಳಿಗ್ಗೆ ಪದ್ಮಾವತಿ ಆರೋಗ್ಯ ಕೇಂದ್ರಕ್ಕೆ ಬಂದರು. ಓಡಿ ಬಂದಿದ್ದರು, ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. "ಅಣ್ಣನಿಗೆ ಕಾಲು ಎತ್ತಕ್ಕೆ ಆಗ್ತಿಲ್ಲ" ಎಂದರು, ಅಷ್ಟೇ. ನಾನು ಸೈಕಲ್ ಹತ್ತಿ ಹೋದೆ. ಬಸದಿಯ ಮೆಟ್ಟಿಲ ಹತ್ತಿರ ಕೊಡ ಉರುಳಿಬಿದ್ದಿತ್ತು. ಬೆಳಿಗ್ಗೆ ನೀರು ತಂದವರು ಮೆಟ್ಟಿಲು ಹತ್ತಲು ಹೋಗಿ, ಕಾಲು ಏಳದೆ, ಅಲ್ಲೇ ಕುಸಿದಿದ್ದರು. ಊರವರು ಮನೆಗೆ ಹೊತ್ತು ತಂದು ಮಲಗಿಸಿದ್ದರು.

ಆಗ ಅಂಗಿ ತೆಗೆಸಿದೆ. ಪಕ್ಕಕ್ಕೆ ಹೊರಳಿಸಿ ನೋಡಿದರೆ ನಡುಬೆನ್ನಿನಲ್ಲಿ ಒಂದು ಮಣಿ ಹೊರಗೆ ಎದ್ದು ನಿಂತಿತ್ತು. ಬೆರಳಿನಿಂದ ಹುಡುಕಬೇಕಾಗಿರಲಿಲ್ಲ, ಬಾಗಿಲಲ್ಲಿ ನಿಂತವರಿಗೂ ಕಾಣುವಷ್ಟಿತ್ತು. ಮಂಡಿಯ ಕೆಳಗೆ ಸುತ್ತಿಗೆಯಿಂದ ತಟ್ಟಿದರೆ ಕಾಲು ಜಾಡಿಸಿ ಹಾರಿತು. ಅಂಗಾಲನ್ನು ಕೀಲಿಕೈಯಿಂದ ಗೀರಿದರೆ ಹೆಬ್ಬೆರಳು ಮೇಲಕ್ಕೆ ಎದ್ದಿತು. ಬೆನ್ನುಹುರಿ, ಅಂದರೆ ಮಿದುಳಿನಿಂದ ಕಾಲಿಗೆ ಹೋಗುವ ನರಗಳ ಹಗ್ಗ, ಒತ್ತಡಕ್ಕೆ ಸಿಕ್ಕಿದೆ ಎಂಬುದಕ್ಕೆ ಅದು ಗುರುತು. ಬೆನ್ನಿನ ಚರ್ಮದ ಮೇಲೆ ಇನ್ನೂ ಎಳ್ಳೆಣ್ಣೆಯ ಜಿಡ್ಡಿತ್ತು. ಮೂಲೆಯಲ್ಲಿ ಅದೇ ಸೀಸೆ, ಬಿರಡೆ ತೆಗೆದದ್ದು.

"ಯಾರು ಒತ್ತಿದ್ದು?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

"ನಾನೇ ತುಳಿದೆ" ಎಂದರು ಪದ್ಮಾವತಿ. "ನಿನ್ನೆ ಒಂದ್ಸಲ, ಮೊನ್ನೆ ಒಂದ್ಸಲ. ಅಣ್ಣನ ಕಾಲಿಗೆ ಬಿದ್ದು ಆಮೇಲೆ ತುಳಿದೆ. ಹಗುರ ಆಯ್ತು, ಇನ್ನೂ ಸ್ವಲ್ಪ ಬಲವಾಗಿ ಅಂದ್ರು." ಅಷ್ಟು ಹೇಳಿ ಅವರು ಗೋಡೆಗೆ ತಿರುಗಿದರು. ಜಿನದತ್ತಯ್ಯ ನನ್ನನ್ನೇ ನೋಡುತ್ತಿದ್ದರು. ನೆರೆದ ಜನ ಪದ್ಮಾವತಿಯನ್ನು ನೋಡುತ್ತಿದ್ದರು. ಬಾಯಿ ತೆರೆಯಬೇಕಾದ ಕ್ಷಣ ಅದೇ ಆಗಿತ್ತು. ನಾನು ಜೀಪು ಎಲ್ಲಿ ಸಿಗುತ್ತದೆ ಎಂದು ಕೇಳಿದೆ.

ಕೊಬ್ಬರಿ ವ್ಯಾಪಾರಿಯೊಬ್ಬರ ಜೀಪಿನಲ್ಲಿ, ಬಾಗಿಲ ಹಲಗೆಯೊಂದರ ಮೇಲೆ ಅವರನ್ನು ಕಟ್ಟಿ ಮಲಗಿಸಿ, ಅರಸೀಕೆರೆಗೆ ಕರೆದುಕೊಂಡು ಹೋದೆ. ಅಲ್ಲಿ ಎಕ್ಸ್‌ರೇ ಇದ್ದ ಹಿರಿಯ ಡಾಕ್ಟರೊಬ್ಬರು ಒದ್ದೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಮಣಿಗಳು ಮುಂಭಾಗದಲ್ಲಿ ಸವೆದು ಒಂದರ ಮೇಲೊಂದು ಕುಸಿದಿದ್ದವು, ನಡುವೆ ಇರಬೇಕಾದ ಸಂದು ಇರಲೇ ಇಲ್ಲ, ಪಕ್ಕದಲ್ಲಿ ಕೀವು ತುಂಬಿದ ನೆರಳು. ಬೆನ್ನುಮೂಳೆಯ ಟಿ.ಬಿ. "ಇದು ಇವತ್ತಿಂದಲ್ಲ, ತಿಂಗಳುಗಟ್ಟಲೆ ಕಥೆ. ಮೊದಲು ಯಾರು ನೋಡ್ತಾ ಇದ್ರು?" ಎಂದು ಕೇಳಿದರು. "ನಾನೇ ಸಾರ್" ಎಂದೆ. ಅವರು ಮತ್ತೇನೂ ಕೇಳದೆ ಫಿಲ್ಮನ್ನು ಕವರಿಗೆ ಹಾಕಿಕೊಟ್ಟರು. ಅದೇ ದಿನ ಜಂಕ್ಷನ್ನಿನಿಂದ ರೈಲಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ರೈಲು ಹೊರಡುವಾಗ ಪದ್ಮಾವತಿ ಅಣ್ಣನ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಆ ಕಾಲಿಗೆ ಅವರ ಕೈ ಗೊತ್ತಾಗುತ್ತಿರಲಿಲ್ಲ.

ಟಿ.ಬಿ.ಗೆ ಆಗಲೂ ಒಳ್ಳೆಯ ಔಷಧಿ ಇತ್ತು. ಬೇಗ ಹಿಡಿದರೆ ಕಾಲು ಹೋಗುವುದಿಲ್ಲ. ಕಾಲು ಹೋದವರಲ್ಲೂ ಬಹಳ ಜನರಿಗೆ ವಾಪಸ್ ಬರುತ್ತದೆ. ಜಿನದತ್ತಯ್ಯನಿಗೆ ಬರಲಿಲ್ಲ. ಮೂರು ತಿಂಗಳ ನಂತರ ಅವರನ್ನು ಮನೆಗೆ ಕಳಿಸಿದರು. ರೋಗ ಗುಣವಾಗುತ್ತಾ ಬಂತು, ಸೊಂಟದ ಕೆಳಗಿನ ದೇಹ ಮಾತ್ರ ಮರಳಲಿಲ್ಲ. ತುಳಿದದ್ದರಿಂದಲೇ ಹೀಗಾಯಿತೆ, ತುಳಿಯದಿದ್ದರೂ ಇನ್ನೊಂದು ಹದಿನೈದು ದಿನಕ್ಕೆ ಆ ಸವೆದ ಮಣಿ ತಾನಾಗಿ ಕುಸಿಯುತ್ತಿತ್ತೆ? ಈ ಪ್ರಶ್ನೆಯನ್ನು ನಾನು ದೊಡ್ಡ ದೊಡ್ಡ ಮೂಳೆತಜ್ಞರ ಮುಂದೆ, ಯಾರದೋ ಕೇಸು ಎಂಬಂತೆ, ಇಟ್ಟಿದ್ದೇನೆ. ಹೇಳಲಾಗದು ಎನ್ನುತ್ತಾರೆ. ಜುಲೈನಲ್ಲೇ ಎಕ್ಸ್‌ರೇ ತೆಗೆಸಿದ್ದರೆ ಅವರು ನಡೆಯುತ್ತಿದ್ದರು ಎಂಬುದನ್ನು ಮಾತ್ರ ಎಲ್ಲರೂ ಹೇಳುತ್ತಾರೆ.

ಆ ವರ್ಷದ ಕೊನೆಯಲ್ಲಿ ಕಣಕಟ್ಟೆಗೆ ಹೋಗಿ ಮರುಳಪ್ಪನನ್ನು ಕಂಡೆ. ಅವರು ಅಟ್ಟದಿಂದ ಕೊಬ್ಬರಿ ಇಳಿಸಿಕೊಂಡು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೇರೆ ಮಾಡುತ್ತಾ ಕೂತಿದ್ದರು. ನಾನು ಯಾರೆಂದು ಹೇಳಿದೆ. ಅವರು ಕೆಲಸ ನಿಲ್ಲಿಸಲಿಲ್ಲ.

"ಹೆಂಗೆ ಗೊತ್ತಾಯ್ತು ನಿಮಗೆ?" ಎಂದು ಕೇಳಿದೆ.

"ಅದ್ರಾಗೇನೈತೆ ಸೋಮಿ. ಕೆಟ್ಟ ಕಾಯಿ ಒಡೆದೇ ನೋಡ್ಬೇಕಾ? ತಟ್ಟುದ್ರೆ ಗೊತ್ತಾಯ್ತದೆ. ಉಳುಕಾದ್ರೆ ಸುತ್ತ ನೋಯ್ತದೆ. ಇದು ಒಂದೇ ಗೆಣ್ಣು, ಮುಟ್ಟುದ್ರೆ ಮನುಷ್ಯ ಬೆಚ್ಚುತಾನೆ, ಮೈಯಾಗೆ ಜ್ವರ ಬೇರೆ. ಅಂಥದ್ನ ಒತ್ತಿದ್ರೆ ಮುರೀತದೆ." ಒಂದು ಕಾಯಿ ಪಕ್ಕಕ್ಕೆ ಇಟ್ಟರು. "ಹತ್ತು ಜನ ಬಂದ್ರೆ ಮೂರು ಜನುಕ್ಕೆ ಎಣ್ಣೆ ವಾಪಸ್ ಕೊಡ್ತೀನಿ. ಏಳು ಜನ ನೆಟ್ಟಗಾಗಿದ್ದು ನನ್ನ ಹೆಚ್ಚುಗಾರ್ಕೆ ಅಲ್ಲ, ಆ ಮೂರು ಜನುನ್ನ ಮುಟ್ಟದೆ ಬಿಟ್ನಲ್ಲ, ಅದ್ರಿಂದ ನನ್ನ ಕೈ ಉಳುದೈತೆ."

ಇನ್ನೆರಡು ಕಾಯಿ ಅಲ್ಲಾಡಿಸಿ ನೋಡಿದರು. ಆಮೇಲೆ ಅವರೇ ಮೆಲ್ಲಗೆ, "ನಿಮ್ಗೆ ಹೇಳಿ ಕಳ್ಸಿದ್ದೆ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ಸರೋಜಮ್ಮನವರಿಗೆ ನಾನು ಹೇಳಿದ್ದು ಮರುಳಪ್ಪನ ಈ ಮಾತನ್ನೇ. ಬೆನ್ನು ನೋಡುವವರು ಯಾರೇ ಇರಲಿ, ಗೋಡೆಯ ಮೇಲೆ ಎಷ್ಟು ಸರ್ಟಿಫಿಕೇಟ್ ಇವೆ, ಎಷ್ಟು ಜನ ಗುಣವಾದರು ಎಂದು ಕೇಳುವುದಷ್ಟೇ ಸಾಲದು. ಮುಟ್ಟುವ ಮೊದಲು ನಿಮ್ಮ ಕಥೆಯನ್ನು ಪೂರ್ತಿ ಕೇಳುತ್ತಾರೆಯೇ? ಜ್ವರ, ತೂಕ, ಕಾಲಿನ ಜೋಮು ಇದೆಯೇ ಎಂದು ವಿಚಾರಿಸುತ್ತಾರೆಯೇ? ಯಾರನ್ನು ಮುಟ್ಟದೆ ವಾಪಸ್ ಕಳಿಸುತ್ತೀರಿ ಎಂದು ಕೇಳಿ ನೋಡಿ, ಅದಕ್ಕೆ ಅವರಲ್ಲಿ ಉತ್ತರ ಇರಬೇಕು. ಸರೋಜಮ್ಮನವರು ನನ್ನ ಮುಂದೆಯೇ ಪಾಂಪ್ಲೆಟ್ಟಿನ ನಂಬರಿಗೆ ಫೋನ್ ಮಾಡಿ ಕೇಳಿದರು. "ವಾಪಸ್ಸಾ? ನಾವು ಯಾರನ್ನೂ ವಾಪಸ್ ಕಳಿಸಲ್ಲ ಮೇಡಂ, ಬಂದೋರಿಗೆಲ್ಲ ಮಾಡ್ತೀವಿ" ಎಂಬ ಉತ್ತರ ನನಗೂ ಕೇಳಿಸಿತು. ಅಲ್ಲಿಗೆ ಅವರು ಹೋಗಲಿಲ್ಲ. ಎರಡನೆಯವರು, ನೋಡದೆ ಏನೂ ಹೇಳಲಾಗದು, ಮೊದಲು ನಿಮ್ಮ ಡಾಕ್ಟರ ಹತ್ತಿರ ಎಕ್ಸ್‌ರೇ, ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರಂತೆ. ಅವರ ಹತ್ತಿರ ಹೋದರು. ಸರೋಜಮ್ಮನವರಿಗೆ ಹೇಳದೆ ಉಳಿಸಿಕೊಂಡದ್ದು ಇನ್ನು ಮುಂದಿನ ಭಾಗ.

ಜಿನದತ್ತಯ್ಯ ಆಸ್ಪತ್ರೆಯಿಂದ ವಾಪಸ್ ಬಂದ ಮೇಲೆ ನಾನು ವಾರಕ್ಕೊಮ್ಮೆ ಬಸ್ತಿಹಳ್ಳಿಗೆ ಹೋಗುತ್ತಿದ್ದೆ. ಮಲಗಿದಲ್ಲೇ ಇದ್ದು ಬೆನ್ನು ಹುಣ್ಣಾಗಬಾರದೆಂದು ನೋಡಿಕೊಳ್ಳುವುದು, ಮೂತ್ರದ ನಳಿಗೆ ಬದಲಿಸುವುದು. ಜಿನದತ್ತಯ್ಯ "ಬನ್ನಿ ಡಾಕ್ಟ್ರೇ, ಕೂತ್ಕೊಳ್ಳಿ" ಎಂದು ಪ್ರತಿ ಸಲವೂ ಎದ್ದು ಕೂರುವವರ ಹಾಗೆ ಕೈ ಊರುತ್ತಿದ್ದರು. ನಾನು ಅಂದದ್ದನ್ನು ಅವರು ಒಮ್ಮೆಯೂ ಎತ್ತಲಿಲ್ಲ. ಮರೆತಿರಬಹುದು ಎಂದು ಆಸೆಪಟ್ಟೆ. ಒಂದು ದಿನ ಊರವರು ಅವರನ್ನು ಬಸದಿಗೆ ಹೊತ್ತುಕೊಂಡು ಹೋಗಿ ಬಂದಿದ್ದರು. "ಸ್ವಾಮಿ ನಿಂತಿದಾನೆ, ನಾನು ಮಲಗಿ ಕೈಮುಗಿದೆ. ಇದೊಂದು ಮಾತ್ರ ಅಭ್ಯಾಸ ಆಗ್ತಿಲ್ಲ ನೋಡಿ" ಎಂದರು. ಆ ಎತ್ತರದ ಕಲ್ಲಿನ ಮೂರ್ತಿ ಎಷ್ಟೋ ನೂರು ವರ್ಷದಿಂದ ಬೆನ್ನು ನೆಟ್ಟಗೆ ಇಟ್ಟುಕೊಂಡು ನಿಂತಿದೆ. ನಾನು ಆಮೇಲೆ ಆ ಬಸದಿಯ ಒಳಗೆ ಹೋಗಲಿಲ್ಲ.

ನಾನು ಹೋದಾಗಲೆಲ್ಲ ಪದ್ಮಾವತಿ ಬಾಗಿಲ ಹಿಂದೆ ಸರಿಯುತ್ತಿದ್ದರು. ಅವರ ಅಂಗಳಕ್ಕೆ ಉಳುಕು ತೆಗೆಸಲು ಬರುವವರು ನಿಂತುಹೋಗಿದ್ದರು. ಬಾವಿಯ ಹತ್ತಿರ ಹೆಂಗಸರು ಅವರ ಕಾಲು ನೋಡಿ ಕೊಡ ಪಕ್ಕಕ್ಕೆ ಸರಿಸುತ್ತಿದ್ದರಂತೆ. "ಅಣ್ಣನ ಕಾಲ್ನ ತಂಗಿ ಕಾಲೇ ತಿಂದ್ಕೊಂತು ಅಂತಾರೆ ಸಾರ್ ಊರಲ್ಲಿ" ಎಂದು ನಮ್ಮ ಕಾಂಪೌಂಡರ್ ಒಂದು ದಿನ ಹೇಳಿದ. ನಾನು ಆಗ ತಿಂಗಳ ವರದಿ ಬರೆಯುತ್ತಿದ್ದೆ. ಪೆನ್ನು ನಿಂತಿತು. ಅವರು ತುಳಿದದ್ದು ನಾನು ಹೇಳಿದ್ದಕ್ಕೆ ಎಂದು ಹೇಳಲು ನಾಲ್ಕು ಪದ ಸಾಕಿತ್ತು. ಹಿಂದಿನ ಡಾಕ್ಟರ ಗಲಾಟೆ ನೆನಪಾಯಿತು. ನನ್ನ ಮದುವೆ ಗೊತ್ತಾಗಿತ್ತು. ಪೆನ್ನು ಮತ್ತೆ ಓಡಿತು. ೧೯೮೧ರಲ್ಲಿ ವರ್ಗವಾಗಿ ಹೊರಟೆ. ಮಾರನೆಯ ವರ್ಷ ಜಿನದತ್ತಯ್ಯ ತೀರಿಕೊಂಡರು ಎಂದು ಯಾರೋ ಹೇಳಿದರು.

೧೯೮೬ರಲ್ಲಿ ಇಲಾಖೆಯ ಕೆಲಸದ ಮೇಲೆ ಬೇಲೂರಿಗೆ ಬಂದೆ. ಅಷ್ಟು ಹೊತ್ತಿಗೆ ಬೆನ್ನುನೋವು ಎಂದು ಯಾರು ಬಂದರೂ ನನಗೆ ಮೇಜಿನ ಮೇಲೆ ಒಂದು ಎಣ್ಣೆ ಸೀಸೆ ಕಾಣಿಸುತ್ತಿತ್ತು. ಇದು ಅಲಂಕಾರದ ಮಾತಲ್ಲ. ನಿಜವಾಗಿ ಒಂದೆರಡು ಸಲ ಅದನ್ನು ಪಕ್ಕಕ್ಕೆ ಇಡಲು ಕೈ ಚಾಚಿದ್ದೇನೆ. ಕೆಲಸ ಮುಗಿಸಿ ಬಸ್ತಿಹಳ್ಳಿಗೆ ಹೋದೆ. ಪದ್ಮಾವತಿ ಅಂಗಡಿಯನ್ನು ತಾವೇ ನಡೆಸುತ್ತಿದ್ದರು. ಗುರುತು ಹಿಡಿದು, ಒಳಗೆ ಕರೆದು, ಚಾಪೆ ಹಾಸಿದರು.

ನಾನು ಕೂರದೆ ನಿಂತೇ ಹೇಳಿದೆ. ಅಂಗಿ ಬಿಚ್ಚಿಸಿ ನೋಡದೆ ಹೋದದ್ದು, ಮರುಳಪ್ಪನ ಮಾತು ಕಿವಿಗೆ ಹಾಕಿಕೊಳ್ಳದೆ ಇದ್ದದ್ದು, ತಂಗಿಯ ಕೈಲೇ ತುಳಿಸಿಕೊಳ್ಳಿ ಎಂದು ನಕ್ಕದ್ದು. ತಪ್ಪು ನಿಮ್ಮದಲ್ಲ, ನನ್ನದು ಎಂದೆ. ಎಂಟು ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಮಾತು.

"ಗೊತ್ತು ಡಾಕ್ಟ್ರೇ" ಎಂದರು ಪದ್ಮಾವತಿ.

ಆಗ ನಾನು ಚಾಪೆಯ ಮೇಲೆ ಕೂತೆ.

"ಅಣ್ಣನ ಮೈಮೇಲೆ ಕಾಲಿಡಲ್ಲ ಅಂತ ಮೂರು ತಿಂಗಳು ಹಟ ಮಾಡಿದ್ದೆ. ಡಾಕ್ಟ್ರೇ ಹೇಳಿದಾರೆ ಕಣಮ್ಮ ಅಂದ್ರು. ಅದಕ್ಕೇ ಒಪ್ಪಿದ್ದು. ಕಾಲು ಹೋದ ದಿನ ನೀವು ಜೀಪು ಹುಡುಕಕ್ಕೆ ಹೋದ್ರಲ್ಲ, ಆಗ ಅಣ್ಣ ನನ್ನ ಕೈ ಹಿಡ್ಕೊಂಡು, ಡಾಕ್ಟ್ರು ಹೇಳಿದ್ದು ಅಂತ ಯಾರಿಗೂ ಹೇಳ್ಬೇಡ ಅಂದ್ರು. ಎರಡು ವರ್ಷ ಡಾಕ್ಟ್ರಿಲ್ದೆ ಇದ್ವಿ, ಈ ಹುಡುಗನ್ನೂ ಓಡಿಸಿಬಿಟ್ರೆ ನಾಳೆ ಬಸುರಿ ಹೆಂಗಸರ ಗತಿ ಏನು ಅಂದ್ರು. ನಾನು ಹೇಳ್ಲಿಲ್ಲ. ಜನ ಏನೇನೋ ಅಂದ್ರು, ಅನ್ನಲಿ ಬಿಡಿ. ನೀವು ಇನ್ನೂ ಮೂರು ವರ್ಷ ಇದ್ರಲ್ಲ."

ಬಾಗಿಲ ಹಿಂದೆ ಸರಿಯುತ್ತಿದ್ದದ್ದು ನಾಚಿಕೆಗೆ, ದ್ವೇಷಕ್ಕೆ ಎಂದುಕೊಂಡಿದ್ದೆ. ಬಾಯಿ ತಪ್ಪಿ ಏನಾದರೂ ಆಡಿಬಿಟ್ಟೇನು ಎಂಬ ಭಯಕ್ಕೆ ಸರಿಯುತ್ತಿದ್ದರು. ನಾನು ನನ್ನ ಹೆಸರು ಉಳಿಸಿಕೊಳ್ಳಲು ಬಾಯಿ ಮುಚ್ಚಿದ್ದೆ. ಅವರಿಬ್ಬರು ಊರಿಗೆ ಡಾಕ್ಟರನ್ನು ಉಳಿಸಿಕೊಳ್ಳಲು ಮುಚ್ಚಿದ್ದರು. ಊರವರನ್ನು ಸೇರಿಸಿ ಈಗಲಾದರೂ ಹೇಳುತ್ತೇನೆ ಎಂದೆ. ಬೇಡವೆಂದರು. "ನಾನಿರೋವರೆಗೂ ಬೇಡ. ಅಣ್ಣನ ಮಾತು ಮುರಿದಂಗಾಗುತ್ತೆ."

ಹೊರಡುವಾಗ ಅವರು ಒಂದೇ ಪ್ರಶ್ನೆ ಕೇಳಿದರು. "ಈಗ ಬೆನ್ನು ನೋವು ಅಂತ ಬಂದೋರ ಅಂಗಿ ಬಿಚ್ಚಿಸಿ ನೋಡ್ತೀರಾ ಡಾಕ್ಟ್ರೇ?"

"ನೋಡ್ತೀನಮ್ಮ."

"ಸರಿ ಹಂಗಾದ್ರೆ" ಎಂದು ಅಂಗಡಿಗೆ ಹೋದರು. ಯಾರೋ ಬೆಲ್ಲ ಕೇಳಿಕೊಂಡು ಬಂದಿದ್ದರು.

ಮೂವತ್ತೈದು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟು: ಯಾರ ಬೆನ್ನನ್ನು ಯಾರ ಕೈಗೆ ಕೊಡಬೇಕು ಎಂದು ಜನ ಕೇಳುವಾಗ ಅವರು ನಮ್ಮ ಮಾತಿನ ಮೇಲೆ ಮಲಗಲು ತಯಾರಾಗಿ ಬಂದಿರುತ್ತಾರೆ. ಅಲ್ಲಿ ನಗೆಯಾಟಕ್ಕೆ ಆಡಿದ ಮಾತೂ ಔಷಧಿ ಚೀಟಿಯೇ. ಪದ್ಮಾವತಿಯವರು ಹೋಗಿ ಈಗ ಕೆಲವು ವರ್ಷವಾಯಿತು. ಅವರು ಹಾಕಿದ ಗಡುವು ಮುಗಿದಿದೆ, ಅದಕ್ಕೇ ಇದನ್ನು ಬರೆದೆ. ಆ ಕಡೆಯ ಹಳಬರು ಯಾರಾದರೂ ಇದನ್ನು ಓದಿದರೆ, ಹೆಸರು ಬದಲಿಸಿದ್ದರೂ ಅವರಿಗೆ ಗೊತ್ತಾಗುತ್ತದೆ. ಆ ಹೆಣ್ಣುಮಗಳು ತಾನಾಗಿ ತುಳಿಯಲಿಲ್ಲ. ತುಳಿಯಲು ಹೇಳಿದವನು ನಾನು.